‘ನಾ ಬಿದ್ದರ ನಡೀತದ’ ಅನ್ನುವ ಪುಟ್ಟ ಕ್ಯಾಟ್ ನೋಯರ್

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಬಾಗಲಕೋಟೆಯ ನವನಗರದವರು. ನನ್ನ ಮಗಳಿಗೆ 10 ವರ್ಷ, ಮೈದುನನ ಮಗನಿಗೆ 9. ಅವನ ಅಪ್ಪ-ಅಮ್ಮ ಕೆಲಸಕ್ಕೆಂದು ಗೋವಾದಲ್ಲಿದ್ದಾರೆ. ಅವನು ನಮ್ಮ ಹತ್ತಿರ ಇದ್ದು ಶಾಲೆಗೆ ಹೋಗುತ್ತಾನೆ. ಇಬ್ಬರಿಗೂ ‘ಮಿರಾಕ್ಯುಲಸ್’ ಕಾರ್ಟೂನಿನ ಹುಚ್ಚು. ಆಟ ಆಡುವಾಗ ಅವಳು ಲೇಡಿಬಗ್, ಅವನು ಕ್ಯಾಟ್ ನೋಯರ್. ಪ್ರತಿ ಸಲವೂ ಅವನೇ ಅಡ್ಡ ಬಂದು ಬೀಳುತ್ತಾನೆ. ಮೊನ್ನೆ ಮೆಟ್ಟಿಲಿನಿಂದ ಜಿಗಿದು ಮೊಣಕಾಲು ಕೆತ್ತಿಸಿಕೊಂಡ. ಬೈದರೆ, ‘ದೊಡ್ಡವ್ವಾ, ಲೇಡಿಬಗ್ ಉಳೀಬೇಕು. ನಾ ಬಿದ್ದರ ನಡೀತದ’ ಅಂದ. ಈ ಕಾರ್ಟೂನಿನಲ್ಲಿ ಯಾವಾಗಲೂ ಆ ಹುಡುಗನೇ ಯಾಕೆ ಪೆಟ್ಟು ತಿನ್ನುತ್ತಾನೆ? ಇದರಿಂದ ಮಕ್ಕಳು ಒಳ್ಳೇದು ಕಲೀತಾರಾ, ಇಲ್ಲಾ ನಾನು ನೋಡೋದನ್ನೇ ಬಿಡಿಸಬೇಕಾ?

ಉತ್ತರ: ಅಕ್ಕಾವ್ರೇ, ನಿಮ್ಮ ಪ್ರಶ್ನೆ ಓದಿ ಮೂರು ದಿನ ಆಯಿತು. ಆ ಹುಡುಗನ ಮಾತು ಇನ್ನೂ ಕಿವಿಯಲ್ಲೇ ಇದೆ.

ನಾನು ಮಕ್ಕಳ ಅನಿಮೇಷನ್‌ಗೆ ಸ್ಟೋರಿಬೋರ್ಡ್ ಮಾಡುವವಳು. ಕಾರ್ಟೂನ್ ತಯಾರಾಗುವ ಮೊದಲು ಇಡೀ ಕಥೆಯನ್ನು ಚೌಕ ಚೌಕವಾಗಿ ಬರೆದು ತೋರಿಸುವ ಕೆಲಸ ಅದು. ಬೇಸಿಗೆ ರಜೆಯಲ್ಲಿ ಬೆಳಗಾವಿಯ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ. ಹಾಗಾಗಿ ಈ ಲೇಡಿಬಗ್, ಕ್ಯಾಟ್ ನೋಯರ್ ಇಬ್ಬರನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಕಾರ್ಟೂನ್ ಬಿಡಿಸಬೇಡಿ. ಆದರೆ ಆ ಮಾತನ್ನು ಸುಮ್ನೆ ಬಿಡಲೂ ಬೇಡಿ.

ಮೊದಲು ಹುಡುಗನ ಲೆಕ್ಕದಿಂದ ಶುರು ಮಾಡೋಣ. ಯಾಕೆಂದರೆ ಅವನ ಲೆಕ್ಕ ಸರಿಯಾಗಿದೆ.

ಕಾರ್ಟೂನ್ ನೋಡದವರಿಗಾಗಿ ಎರಡು ಮಾತು. ಇದು ಫ್ರಾನ್ಸಿನಲ್ಲಿ ಹುಟ್ಟಿದ ಧಾರಾವಾಹಿ, ಥಾಮಸ್ ಆಸ್ಟ್ರುಕ್ ಎಂಬುವರ ಕಲ್ಪನೆ. ಟಿವಿಗೆ ಬಂದದ್ದು 2015ರಲ್ಲಿ. ಕಥೆ ನಡೆಯುವುದು ಪ್ಯಾರಿಸ್ಸಿನಲ್ಲಿ. ಬೇಕರಿಯವರ ಮಗಳು ಮರಿನೆಟ್‌ಗೆ ಒಂದು ಜೊತೆ ಕಿವಿಯೋಲೆ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಅವಳು ಲೇಡಿಬಗ್. ದೊಡ್ಡ ಫ್ಯಾಷನ್ ಡಿಸೈನರ್ ಒಬ್ಬನ ಮಗ ಏಡ್ರಿಯನ್‌ಗೆ ಒಂದು ಉಂಗುರ ಸಿಗುತ್ತದೆ, ಅದನ್ನು ತೊಟ್ಟರೆ ಅವನು ಕ್ಯಾಟ್ ನೋಯರ್. ಇಬ್ಬರೂ ಒಂದೇ ಕ್ಲಾಸಿನವರು. ಅವನ ಹಿಂದಿನ ಬೆಂಚಿನಲ್ಲೇ ಅವಳು ಕೂರುತ್ತಾಳೆ. ಆದರೂ ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ಹಾಕ್ ಮಾತ್ ಎಂಬ ಖಳನಾಯಕ ಬೇಜಾರಿನಲ್ಲಿರುವವರ ಹತ್ತಿರ ಕಪ್ಪು ಚಿಟ್ಟೆ ಕಳಿಸುತ್ತಾನೆ. ಅವರನ್ನು ರಾಕ್ಷಸರನ್ನಾಗಿ ಮಾಡಿ ಈ ಓಲೆ ಮತ್ತು ಉಂಗುರ ಕಸಿದುಕೊಳ್ಳಲು ನೋಡುತ್ತಾನೆ.

ಈಗ ಲೆಕ್ಕಕ್ಕೆ ಬನ್ನಿ. ಲೇಡಿಬಗ್‌ನದು ಕಟ್ಟುವ ಶಕ್ತಿ, ಕ್ಯಾಟ್ ನೋಯರ್‌ನದು ಕೆಡವುವ ಶಕ್ತಿ. ಅವನು ‘ಕ್ಯಾಟಕ್ಲಿಸಂ’ ಅಂತ ಕೂಗಿ ಕೈ ಇಟ್ಟರೆ ಎದುರಿಗಿದ್ದದ್ದು ಪುಡಿ. ಪ್ರತಿ ಕಂತಿನ ಕೊನೆಗೆ ಲೇಡಿಬಗ್ ತನ್ನ ಶಕ್ತಿಯಿಂದ ಪಡೆದ ಕೆಂಪು ವಸ್ತುವನ್ನು ಮೇಲಕ್ಕೆ ಎಸೆದು ಕೂಗಿದಾಗ ಮುರಿದ ಸೇತುವೆ, ಒಡೆದ ಗೋಡೆ, ಮಾಯವಾದ ಜನ ಎಲ್ಲಾ ಮೊದಲಿನಂತೆ ಆಗುತ್ತಾರೆ. ಈ ದುರಸ್ತಿ ಅವಳೊಬ್ಬಳಿಂದ ಮಾತ್ರ ಸಾಧ್ಯ. ಅವಳು ಹೋದರೆ ಯಾರೂ ವಾಪಸ್ ಬರುವುದಿಲ್ಲ. ಅವನು ಹೋದರೆ ಅವಳು ಕರೆತರುತ್ತಾಳೆ. ಅಂದ ಮೇಲೆ ಯಾರು ಅಡ್ಡ ಬೀಳಬೇಕು? ಒಂಬತ್ತು ವರ್ಷದ ಹುಡುಗ ಇದನ್ನು ತಾನೇ ಕಂಡುಕೊಂಡಿದ್ದಾನಲ್ಲ, ಅವನ ಬುದ್ಧಿಗೆ ಶಹಬ್ಬಾಸ್ ಅನ್ನಬೇಕು. ಎಷ್ಟೋ ದೊಡ್ಡವರು ಇದನ್ನು ಬರೀ ‘ಹುಡುಗ ಹೀರೋಗಿರಿ ಮಾಡ್ತಾನೆ’ ಅಂತ ನೋಡಿ ಮುಂದೆ ಹೋಗುತ್ತಾರೆ.

ಮೊದಲ ಸೀಸನ್ನಿನ ‘ಟೈಮ್‌ಬ್ರೇಕರ್’ ಕಂತು ನೋಡಿ. ಸ್ಕೇಟಿಂಗ್ ಮಾಡುವ ಖಳನಾಯಕಿ ಮುಟ್ಟಿದವರೆಲ್ಲ ಮಸುಕಾಗಿ ಕಣ್ಮರೆಯಾಗುತ್ತಾರೆ. ಅವಳು ಲೇಡಿಬಗ್ ಕಡೆ ನುಗ್ಗಿದಾಗ ಕ್ಯಾಟ್ ನೋಯರ್ ನಡುವೆ ಬಂದು ತಾನೇ ಸಿಕ್ಕಿಕೊಳ್ಳುತ್ತಾನೆ. ಅದೇ ಸೀಸನ್ನಿನ ‘ಡಾರ್ಕ್ ಕ್ಯುಪಿಡ್’ ಕಂತಿನಲ್ಲಿ ಲೇಡಿಬಗ್ ಕಡೆ ಬಂದ ಬಾಣಕ್ಕೆ ತನ್ನ ಬೆನ್ನು ಕೊಡುತ್ತಾನೆ. ಅದು ಪ್ರೀತಿಯನ್ನು ದ್ವೇಷ ಮಾಡುವ ಬಾಣ. ಒಂದು ಕ್ಷಣದ ಹಿಂದೆ ಮನಸ್ಸಿನ ಮಾತು ಹೇಳಲು ಹೊರಟಿದ್ದ ಹುಡುಗ ಈಗ ಅವಳ ಮೇಲೇ ಬೀಳುತ್ತಾನೆ. ಕೊನೆಗೆ ಅವಳು ಮುತ್ತು ಕೊಟ್ಟು ಆ ಮಂತ್ರ ಬಿಡಿಸುತ್ತಾಳೆ. ಅವನಿಗೆ ಆ ಮುತ್ತಿನ ನೆನಪೂ ಇರುವುದಿಲ್ಲ. ಆ ಕಂತು ನೋಡಿದಾಗಲೆಲ್ಲ ನನಗೆ ಅದೇ ಸಂಕಟ. ಕೊಟ್ಟವನಿಗೆ ಸಿಕ್ಕಿದ್ದೇ ಗೊತ್ತಿಲ್ಲ.

ಚಿತ್ರ ಬರೆಯುವವರ ಕಡೆಯಿಂದಲೂ ಒಂದು ಕಾರಣ ಇದೆ. ಒಂದು ಕಂತು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಇರುತ್ತದೆ, ಅಷ್ಟೇ. ಇವನಿಗೆ ಅವಳ ಮೇಲೆ ಎಷ್ಟು ಪ್ರೀತಿ ಅಂತ ಮಾತಿನಲ್ಲಿ ಹೇಳಿಸಿದರೆ ಎರಡು ನಿಮಿಷ ಬೇಕು. ಅಡ್ಡ ಬಿದ್ದರೆ ಎರಡು ಸೆಕೆಂಡು ಸಾಕು, ಭಾಷೆ ಬರದ ಮಗುವಿಗೂ ತಿಳಿಯುತ್ತದೆ. ಕ್ಯಾಂಪಿನಲ್ಲಿ ನಾನು ಮಕ್ಕಳಿಗೆ ‘ಒಬ್ಬರು ಇನ್ನೊಬ್ಬರನ್ನು ಕಾಯುವ ಚಿತ್ರ ಬರೀರಿ’ ಅಂದರೆ ಹೆಚ್ಚಿನವರು ಬರೆಯುವುದು ಇದನ್ನೇ. ಒಬ್ಬರು ಮುಂದೆ ಕೈ ಚಾಚಿ ನಿಂತಿರುತ್ತಾರೆ, ಇನ್ನೊಬ್ಬರು ಹಿಂದೆ. ಒಂದು ವರ್ಷ ಒಬ್ಬ ಹುಡುಗಿ ಮಾತ್ರ ಬೇರೆ ಬರೆದಳು. ಕರೆಂಟು ಹೋಗಿದೆ, ತಂಗಿ ನೆಲದ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಾಳೆ, ಅಣ್ಣ ಮೊಬೈಲ್ ಬೆಳಕು ಹಿಡಿದು ನಿಂತಿದ್ದಾನೆ. ಆ ಚಿತ್ರ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಆಮೇಲೆ ಮತ್ತೆ ಅದರ ಮಾತಿಗೆ ಬರುತ್ತೇನೆ.

ನಮ್ಮ ಕಡೆಯ ಮಕ್ಕಳಿಗೆ ಈ ಅಡ್ಡ ನಿಲ್ಲುವ ಚಿತ್ರ ಪ್ಯಾರಿಸ್ಸಿನಿಂದ ಬರಬೇಕಾಗಿಲ್ಲ. ಶಾಲೆಯ ಗ್ಯಾದರಿಂಗ್ ಬಂತೆಂದರೆ ಹುಡುಗಿಯರು ಚೆನ್ನಮ್ಮ, ಹುಡುಗರು ರಾಯಣ್ಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯನ್ನು ಹೊಡೆದು ಕೆಡವಿದವನು ರಾಣಿಯ ಬಂಟ ಅಮಟೂರು ಬಾಳಪ್ಪ. ಮುಂದೆ ಕಿತ್ತೂರು ಬಿತ್ತು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಅವಳ ಹೆಸರಲ್ಲಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಈಗಲೂ ಅಲ್ಲಿನ ಆಲದ ಮರಕ್ಕೆ ಜನ ಮಕ್ಕಳಾಗಲಿ ಅಂತ ತೊಟ್ಟಿಲು ಕಟ್ಟುತ್ತಾರೆ. ನಿಮ್ಮ ಹುಡುಗನಿಗೆ ‘ಅವರು ಉಳೀಬೇಕು, ನಾ ಬಿದ್ದರ ನಡೀತದ’ ಅನ್ನುವ ಕಥೆ ಹೊಸದಲ್ಲ. ಅವನು ಹುಟ್ಟುವ ಮೊದಲಿನಿಂದ ಈ ನೆಲದಲ್ಲಿದೆ.

ವ್ಯತ್ಯಾಸ ಇಷ್ಟೇ. ನಂದಗಡದಲ್ಲಿ ಕೆಂಪು ವಸ್ತು ಮೇಲಕ್ಕೆಸೆದು ಎಲ್ಲವನ್ನೂ ವಾಪಸ್ ತರುವವರು ಯಾರೂ ಇರಲಿಲ್ಲ. ಕಾರ್ಟೂನಿನಲ್ಲಿ ಬೀಳುವುದಕ್ಕೆ ಬೆಲೆ ಇಲ್ಲ ಅಂತ ಒಂಬತ್ತು ವರ್ಷದ ಮಗುವಿಗೆ ಅನಿಸುವುದು ಸಹಜ. ಮೆಟ್ಟಿಲಿನಿಂದ ಜಿಗಿದದ್ದು ಅದಕ್ಕೇ.

ಆದರೆ ಕಾರ್ಟೂನ್ ಅಲ್ಲಿಗೇ ನಿಲ್ಲುವುದಿಲ್ಲ, ಅದಕ್ಕೇ ನನಗೆ ಅದರ ಮೇಲೆ ಗೌರವ. ಮೊದಲ ಸೀಸನ್ನಿನಲ್ಲಿ ನಗುನಗುತ್ತಾ ಬಿದ್ದ ಹುಡುಗನಿಗೆ ಒಳಗೆ ಏನಾಗುತ್ತಿತ್ತು ಅಂತ ಆಮೇಲಿನ ಸೀಸನ್ನುಗಳು ಕೇಳುತ್ತಾ ಹೋಗುತ್ತವೆ. ಯಾವಾಗಲೂ ‘ನಾನು ಹೋದರೂ ಪರವಾಗಿಲ್ಲ’ ಅಂದುಕೊಂಡವನು ಒಂದು ದಿನ ‘ಹಾಗಾದ್ರೆ ನಾನು ಇಲ್ಲದಿದ್ದರೂ ನಡೀತದಾ?’ ಅಂತ ಕೇಳಿಕೊಳ್ಳದೆ ಇರುತ್ತಾನಾ?

ಇಲ್ಲಿ ಲೇಡಿಬಗ್ ಕಡೆಯ ಮಾತನ್ನೂ ಹೇಳಬೇಕು. ಅವಳೂ ಅವನನ್ನು ಕಾಯುತ್ತಾಳೆ, ಜೀವದಷ್ಟೇ. ಆದರೆ ಅವಳ ದಾರಿ ಬೇರೆ. ಅವನು ಮೈ ಅಡ್ಡ ಇಡುತ್ತಾನೆ, ಅವಳು ಗುಟ್ಟು ಇಡುತ್ತಾಳೆ. ಇಬ್ಬರಲ್ಲಿ ಒಬ್ಬರು ಹಾಕ್ ಮಾತ್‌ನ ಕೈಗೆ ಸಿಕ್ಕರೂ ಇನ್ನೊಬ್ಬರ ಹೆಸರು ಅವನಿಗೆ ಸಿಗಬಾರದು, ಆದ್ದರಿಂದ ಹೆಸರೇ ಗೊತ್ತಿರಬಾರದು. ಮೂರನೇ ಸೀಸನ್ನಿನ ‘ಕ್ಯಾಟ್ ಬ್ಲಾಂಕ್’ ಕಂತಿನಲ್ಲಿ ಈ ಭಯ ಸುಮ್ನೆ ಅಲ್ಲ ಅಂತ ಅವಳಿಗೆ ಕಣ್ಣಾರೆ ಕಾಣುತ್ತದೆ. ಮುಂದೆ ಆಗಬಹುದಾದ ಒಂದು ಕಾಲಕ್ಕೆ ಅವಳನ್ನು ಕರೆದೊಯ್ಯುತ್ತಾರೆ. ಪ್ಯಾರಿಸ್ ನೀರಿನಡಿ ಮುಳುಗಿದೆ. ಚಂದ್ರ ಒಡೆದಿದ್ದಾನೆ. ಒಬ್ಬನೇ ಕೂತು ಹಾಡುತ್ತಿರುವವನು ಅವಳ ಗೆಳೆಯ, ಈಗ ತಲೆಯಿಂದ ಕಾಲಿನವರೆಗೆ ಬಿಳಿ. ಗುಟ್ಟು ರಟ್ಟಾಗಿ, ಹಾಕ್ ಮಾತ್ ಅವನನ್ನೇ ಹಿಡಿದು, ಅವನ ಕೆಡವುವ ಶಕ್ತಿ ಲೋಕವನ್ನೇ ಕೆಡವಿಬಿಟ್ಟಿದೆ. ಅವಳು ಅವನ ಕುತ್ತಿಗೆಯ ಗಂಟೆ ಒಡೆದು ಬಿಡಿಸುತ್ತಾಳೆ. ವಾಪಸ್ ಬಂದು ಮಾಡುವ ಮೊದಲ ಕೆಲಸ, ಏಡ್ರಿಯನ್‌ಗೆ ಕೊಟ್ಟ ಉಡುಗೊರೆಯ ಮೇಲಿನ ತನ್ನ ಹೆಸರು ಅಳಿಸುವುದು. ಪ್ರೀತಿಸಿದವನಿಗೆ ಬರೆದ ಹೆಸರನ್ನು ಅವನ ಜೀವಕ್ಕಾಗಿ ಅಳಿಸುವುದು! ಬಾಣಕ್ಕೆ ಬೆನ್ನು ಕೊಟ್ಟದ್ದಕ್ಕಿಂತ ಇದು ಚಿಕ್ಕದು ಅಂತ ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಇದು ಕಾಣುವುದಿಲ್ಲ, ಯಾಕೆಂದರೆ ಇಲ್ಲಿ ಯಾರೂ ಜಿಗಿಯುವುದಿಲ್ಲ.

(ಒಂದು ಕಣ್ಣಿನ ಪಟ್ಟಿ ಕಟ್ಟಿಕೊಂಡರೆ ಗುರುತೇ ಸಿಗಲ್ವಾ ಅಂತ ಕ್ಯಾಂಪಿನಲ್ಲಿ ಅಪ್ಪಂದಿರು ಕೇಳುತ್ತಾರೆ. ನಮ್ಮ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಕೃಷ್ಣ ಕೊರವಂಜಿ ವೇಷ ಹಾಕಿ ಬಂದಾಗ ಕಟ್ಟಿಕೊಂಡ ಸತ್ಯಭಾಮೆಗೇ ಗುರುತು ಸಿಗುವುದಿಲ್ಲ, ಆಗ ರಾತ್ರಿಯೆಲ್ಲಾ ಕೂತು ನೋಡಿದವರು ಯಾರೂ ಕೇಳಲಿಲ್ಲ. ವೇಷ ಹಾಕಿದ ಮೇಲೆ ಬೇರೆಯವರೇ.)

ಆದರೆ ಗುಟ್ಟಿನ ಕಾವಲಿಗೂ ಬೆಲೆ ಇದೆ. ಎರಡನೇ ಸೀಸನ್ನಿನ ‘ಸೈರನ್’ ಕಂತಿನಲ್ಲೇ ಕ್ಯಾಟ್ ನೋಯರ್ ಸಿಟ್ಟಾಗುತ್ತಾನೆ. ನನಗೆ ಯಾಕೆ ಏನೂ ಹೇಳುವುದಿಲ್ಲ ಅಂತ ಕೇಳುತ್ತಾನೆ. ನಾಲ್ಕನೇ ಸೀಸನ್ನಿಗೆ ಬರುವಷ್ಟರಲ್ಲಿ ಅವಳ ಮೇಲೆ ಈ ಓಲೆ, ಉಂಗುರದಂಥ ಎಲ್ಲಾ ಮಾಯಾ ಒಡವೆಗಳ ಜವಾಬ್ದಾರಿ ಬಿದ್ದಿದೆ. ಭಾರ ತಡೆಯಲಾರದೆ ತನ್ನ ಗುಟ್ಟನ್ನು ಗೆಳತಿ ಆಲ್ಯಾಗೆ ಹೇಳುತ್ತಾಳೆ, ಅವನಿಗೆ ಹೇಳುವುದಿಲ್ಲ. ಹೋರಾಟಕ್ಕೆ ಬೇರೆಯವರನ್ನೂ ಕರೆಯುತ್ತಾಳೆ. ಅವಳಿಗೆ ಅದು ಅವನನ್ನು ಉಳಿಸುವ ದಾರಿ. ಅವನಿಗೆ ಕಾಣುವುದು ತಾನು ಬೇಡವಾದ ಹಾಗೆ. ‘ಕುರೊ ನೆಕೊ’ ಎಂಬ ಕಂತಿನಲ್ಲಿ ಅವನು ಉಂಗುರವನ್ನೇ ಬಿಟ್ಟುಕೊಡುತ್ತಾನೆ. ಆಮೇಲೆ ಬೇರೆ ವೇಷ, ಬೇರೆ ಹೆಸರಿನಲ್ಲಿ ಮತ್ತೆ ಅವಳ ಪಕ್ಕಕ್ಕೆ ಬರುತ್ತಾನೆ. ಹೊಸಬನದು ಎಲ್ಲಾ ಅಚ್ಚುಕಟ್ಟು, ಹುಡುಗಾಟ ಇಲ್ಲ. ಆದರೂ ಅವಳಿಗೆ ಹಳೆಯವನೇ ಬೇಕಾಗುತ್ತಾನೆ. ಅವನೇ ಬೇಕು ಅಂತ ಬಾಯಿಬಿಟ್ಟು ಹೇಳುತ್ತಾಳೆ.

ಒಕ್ಕಲುತನದ ಮನೆಯವರಾದರೆ ನಿಮಗೆ ಇದು ಬೇಗ ತಿಳಿಯುತ್ತದೆ. ಜೋಡೆತ್ತಿನಲ್ಲಿ ಎಡಕ್ಕೆ ಹೂಡುವುದು ಬೇರೆ, ಬಲಕ್ಕೆ ಹೂಡುವುದು ಬೇರೆ. ರೂಢಿಯಾದ ಮೇಲೆ ಎಷ್ಟೇ ಒಳ್ಳೆಯ ಹೊಸ ಎತ್ತು ತಂದರೂ ನೊಗ ವಾಲುತ್ತದೆ.

ಇನ್ನೊಬ್ಬ ಕಾಯುವವನೂ ಈ ಕಥೆಯಲ್ಲಿದ್ದಾನೆ. ಏಡ್ರಿಯನ್‌ನ ಅಪ್ಪ ಗೇಬ್ರಿಯಲ್. ಹೆಂಡತಿಯನ್ನು ಕಳಕೊಂಡಿದ್ದಾನೆ, ಮಗನಿಗೂ ಏನಾದರೂ ಆದೀತೆಂದು ದೊಡ್ಡ ಮನೆಯೊಳಗೆ ಇಟ್ಟು, ಎಲ್ಲಿ ಹೋಗಬೇಕು ಯಾರ ಜೊತೆ ಮಾತಾಡಬೇಕು ಅಂತ ತಾನೇ ಗೊತ್ತು ಮಾಡುತ್ತಾನೆ. ಹುಡುಗ ಎಷ್ಟೋ ಸಲ ದೊಡ್ಡ ಮೇಜಿನ ಮುಂದೆ ಒಬ್ಬನೇ ಊಟ ಮಾಡುತ್ತಾನೆ. ಆ ಅಪ್ಪನೇ ಹಾಕ್ ಮಾತ್. ಹೆಂಡತಿಯನ್ನು ಎಬ್ಬಿಸಬೇಕೆಂದು ಮಾಯಾ ಒಡವೆಗಳಿಗೆ ಕೈ ಹಾಕಿದವನು ತನ್ನ ಮಗನಿಗೇ ರಾಕ್ಷಸರನ್ನು ಬಿಡುತ್ತಿದ್ದಾನೆ. ಮಗನನ್ನು ಕಾಯುತ್ತೇನೆ ಅನ್ನುವವನು ಮಗ ಯಾರೆಂದೇ ನೋಡಲಿಲ್ಲ.

ಈಗ ನನಗೆ ಈ ಇಡೀ ಧಾರಾವಾಹಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಕಾವಲಿನ ಮಾತು ಹೇಳುತ್ತೇನೆ. ಅದು ಶುರುವಿನ ಕಥೆಯಲ್ಲೇ ಇದೆ, ‘ಲೇಡಿಬಗ್ ಅಂಡ್ ಕ್ಯಾಟ್ ನೋಯರ್’ ಮತ್ತು ‘ಸ್ಟೋನ್‌ಹಾರ್ಟ್’ ಎಂಬ ಎರಡು ಕಂತುಗಳಲ್ಲಿ. ಇಬ್ಬರಿಗೂ ಶಕ್ತಿ ಹೊಸದು. ಮೊದಲ ಭೇಟಿಯಲ್ಲೇ ಅವಳು ತನ್ನ ಯೋ-ಯೋ ದಾರಕ್ಕೆ ಸಿಕ್ಕು ಅವನ ಮೇಲೆ ಬಿದ್ದು, ಇಬ್ಬರೂ ತಲೆಕೆಳಗಾಗಿ ನೇತಾಡುತ್ತಾರೆ. ಕಲ್ಲಿನ ರಾಕ್ಷಸನನ್ನು ಗೆದ್ದ ಮೇಲೆ ಅವಳು ಆ ಕಪ್ಪು ಚಿಟ್ಟೆಯನ್ನು ಹಿಡಿಯುವುದು ಮರೆತುಬಿಡುತ್ತಾಳೆ. ಅದರಿಂದ ಊರ ತುಂಬ ಕಲ್ಲಿನ ರಾಕ್ಷಸರು. ನನ್ನಿಂದ ಆಗಲ್ಲ ಅಂತ ಓಲೆ ಬಿಚ್ಚಿಟ್ಟು ಗೆಳತಿಗೆ ದಾಟಿಸಲು ನೋಡುತ್ತಾಳೆ. ಅತ್ತ ಅವನು ಒಬ್ಬನೇ ಹೋರಾಡಿ ಸಿಕ್ಕಿಬೀಳುತ್ತಾನೆ, ಇತ್ತ ಗೆಳತಿಗೂ ಅಪಾಯ, ಅವಳು ಮತ್ತೆ ಓಲೆ ಹಾಕುತ್ತಾಳೆ. ಐಫೆಲ್ ಗೋಪುರದ ಕೆಳಗೆ ಪೊಲೀಸರವನೊಬ್ಬ, ನೀನು ಒಮ್ಮೆ ಸೋತವಳು, ಇದು ನಮಗೆ ಬಿಡು ಅನ್ನುತ್ತಾನೆ. ಅವಳ ಮುಖ ಬಾಡುತ್ತದೆ.

ಆಗ ಕ್ಯಾಟ್ ನೋಯರ್ ಏನು ಮಾಡುತ್ತಾನೆ ಗೊತ್ತಾ? ಎಲ್ಲಿಂದಲೂ ಜಿಗಿಯುವುದಿಲ್ಲ. ಪಕ್ಕಕ್ಕೆ ಬಂದು, ಅವನ ಮಾತು ತಪ್ಪು, ನೀನಿಲ್ಲದಿದ್ದರೆ ಆ ಹುಡುಗಿ ಉಳಿಯುತ್ತಿರಲಿಲ್ಲ, ಇವರಿಗೆ ನಾವು ಬೇಕು ಅನ್ನುವ ಹಾಗೆ ಎರಡು ಮಾತು ಹೇಳುತ್ತಾನೆ. ಅಷ್ಟೇ. ಅದಾದ ಮೇಲೆಯೇ ಅವಳು ಇಡೀ ಪ್ಯಾರಿಸ್ಸಿನ ಎದುರು ಹಾಕ್ ಮಾತ್‌ಗೆ ಸವಾಲು ಹಾಕುವುದು. ಅವಳನ್ನು ಲೇಡಿಬಗ್ ಮಾಡಿದ್ದು ಆ ಎರಡು ಮಾತು. ಕ್ಯಾಂಪಿನ ಆ ಹುಡುಗಿ ಬರೆದ ಚಿತ್ರದ ಮೊಬೈಲ್ ಬೆಳಕು ಇದೇ.

ಇಷ್ಟು ಹೇಳಿದ ಮೇಲೆ ನಿಮ್ಮ ಹುಡುಗನ ಹತ್ತಿರ ಬರುತ್ತೇನೆ. ನಾನು ವೈದ್ಯೆ ಅಲ್ಲ, ಚಿತ್ರ ಬರೆಯುವವಳು. ಮಕ್ಕಳು ಯಾವ ಪಾತ್ರ ಆರಿಸಿಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ವರ್ಷಗಳಿಂದ ನೋಡಿದ್ದೇನೆ. ಅಪ್ಪ-ಅಮ್ಮ ಗೋವಾದಲ್ಲಿ, ತಾನು ದೊಡ್ಡವ್ವನ ಮನೆಯಲ್ಲಿ. ನೀವು ಸ್ವಂತ ಮಗನಂತೆ ನೋಡುತ್ತೀರಿ, ನೀವು ಬರೆದ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಆದರೂ ಮಗುವಿನ ಮನಸ್ಸು, ಈ ಮನೆಯಲ್ಲಿ ನನ್ನ ಜಾಗ ಯಾವುದು ಅಂತ ಹುಡುಕುತ್ತಲೇ ಇರುತ್ತದೆ. ಅಕ್ಕನನ್ನು ಕಾದರೆ ನನಗೊಂದು ಕೆಲಸ ಇದೆ, ನಾನು ಬೇಕಾದವನು ಅಂತ ಅವನಿಗೆ ಅನಿಸಿರಬಹುದು. ಮನೆಯಲ್ಲಿ ಅಪ್ಪ-ಅಮ್ಮ ಪಕ್ಕದಲ್ಲಿಲ್ಲದ ಏಡ್ರಿಯನ್ ಕ್ಯಾಟ್ ನೋಯರ್ ಆದಾಗ ಮಾತ್ರ ಜೋರಾಗಿ ನಗುವುದು ಯಾಕೆ ಅಂತ ನಿಮ್ಮ ಹುಡುಗನಿಗೆ ನಮಗಿಂತ ಚೆನ್ನಾಗಿ ತಿಳಿದಿರಬಹುದು. ನನ್ನ ಊಹೆ ತಪ್ಪಾಗಿದ್ದರೆ ತುಂಬಾ ಒಳ್ಳೇದು. ಸರಿ ಇದ್ದರೆ, ಅವನು ಹೇಳಿದ ಭಾಷೆಯಲ್ಲೇ ಅವನಿಗೆ ಉತ್ತರ ಕೊಡಿ: ‘ನೀ ಬಿದ್ದರ ನಡೆಯಾಂಗಿಲ್ಲ ಪಾ.’ ಬೈಯುವಾಗ ಅಲ್ಲ. ರೊಟ್ಟಿ ತಿನ್ನಲು ಕೂತಾಗಲೋ, ಮಲಗುವಾಗಲೋ ಹೇಳಿ. ಅವನ ಅವ್ವ ಫೋನು ಮಾಡಿದಾಗ ಅವಳ ಬಾಯಿಂದಲೂ ಒಮ್ಮೆ ಹೇಳಿಸಿ.

ಆಟ ನಿಲ್ಲಿಸುವುದು ಬೇಡ ಅಂದೆನಲ್ಲ. ಆಟದ ನಿಯಮ ಸ್ವಲ್ಪ ತಿದ್ದಿದರೆ ಸಾಕು, ತಿದ್ದುವುದಕ್ಕೆ ಬೇಕಾದದ್ದೆಲ್ಲಾ ಕಾರ್ಟೂನಿನಲ್ಲೇ ಇದೆ. ಮೊದಲ ಸೀಸನ್ನುಗಳಲ್ಲಿ ಶಕ್ತಿ ಉಪಯೋಗಿಸಿದ ಮೇಲೆ ಇಬ್ಬರಿಗೂ ಐದೇ ನಿಮಿಷ ಉಳಿಯುತ್ತದೆ, ಆಮೇಲೆ ವೇಷ ಕಳಚುತ್ತದೆ. ಅದನ್ನು ಆಟಕ್ಕೆ ತನ್ನಿ. ಯಾರು ಜಿಗಿದರೂ ಐದು ನಿಮಿಷ ಕೂತು ನೀರು ಕುಡಿಯಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು. ಜಿಗಿಯುವ ಮೊದಲು ಹೇಳಿ ಜಿಗಿಯಬೇಕು. ಅಲ್ಲಿ ಹೇಳದೆ ಇದ್ದುದರಿಂದಲೇ ಅಷ್ಟೆಲ್ಲಾ ಆಯಿತಲ್ಲ. ಮೆಟ್ಟಿಲು ಮತ್ತು ಮಾಳಿಗೆ ಮಾತ್ರ ಹಾಕ್ ಮಾತ್‌ನ ಜಾಗ, ಅಲ್ಲಿಗೆ ಹೀರೋಗಳಿಗೆ ಪ್ರವೇಶ ಇಲ್ಲ. ಇದರಲ್ಲಿ ಮಾತ್ರ ನೀವು ಗಟ್ಟಿಯಾಗಿರಿ.

ಇನ್ನು ದುರಸ್ತಿ. ನಿಮ್ಮ ಮಗಳು ಲೇಡಿಬಗ್ ಆಗಿ ಎಲ್ಲವನ್ನೂ ಸರಿ ಮಾಡುವವಳಲ್ವಾ, ಹಾಗಾದರೆ ತಮ್ಮನ ಮೊಣಕಾಲನ್ನು ನೀರು, ಸೋಪಿನಿಂದ ತೊಳೆದು ಪಟ್ಟಿ ಕಟ್ಟುವುದು ಅವಳದೇ ಕೆಲಸ. ನೀವು ಪಕ್ಕದಲ್ಲಿರಿ, ಆದರೆ ಕೈ ಅವಳದಿರಲಿ. ಅವನಿಗೆ ಎಷ್ಟು ಉರಿಯುತ್ತದೆ ಅಂತ ಅವಳಿಗೂ ಗೊತ್ತಾಗುತ್ತದೆ. ಬೀಳುವವನಿಗಿಂತ ಬಿದ್ದವನ ಪಕ್ಕದಲ್ಲಿ ಕೂರುವವರು ಹೆಚ್ಚು ಬೇಗ ಜಾಣರಾಗುತ್ತಾರೆ ಅನ್ನುವುದನ್ನು ಕ್ಯಾಂಪಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಕಂತುಗಳಲ್ಲಿ ಶುರುವಿನ ಆ ಎರಡನ್ನೂ ಮೊದಲು ನೀವೂ ಕೂತು ಅವರ ಜೊತೆ ನೋಡಿ. ‘ಕುರೊ ನೆಕೊ’ ಆಮೇಲೆ. ‘ಕ್ಯಾಟ್ ಬ್ಲಾಂಕ್’ ಈಗಾಗಲೇ ನೋಡಿರದಿದ್ದರೆ ಇನ್ನೊಂದು ವರ್ಷ ತಡೆಯಿರಿ, ಆ ಒಂಟಿ ಬಿಳಿ ಬೆಕ್ಕು ಅಪ್ಪ-ಅಮ್ಮನಿಂದ ದೂರ ಇರುವ ಮಗುವಿಗೆ ಸ್ವಲ್ಪ ಜಾಸ್ತಿ ಆದೀತು. ನೋಡುವಾಗ ಪಾಠ ಹೇಳಬೇಡಿ. ಬೇಕಿದ್ದರೆ ಒಂದೇ ಪ್ರಶ್ನೆ ಕೇಳಿ: ಈ ಕಂತಿನಲ್ಲಿ ಯಾರು ಯಾರನ್ನು ಕಾದರು? ಮೊದಲ ಸಲ ಜಿಗಿತ ಹೇಳುತ್ತಾರೆ. ಎರಡನೇ ಸಲ ಬೇರೆ ಏನೋ ಹೇಳುತ್ತಾರೆ, ಅದನ್ನು ನನಗೆ ಬರೆದು ತಿಳಿಸಿದರೆ ಖುಷಿಯಾಗುತ್ತದೆ.

ಮತ್ತೊಂದು. ವಾರಕ್ಕೆ ಒಂದು ದಿನ ಪಾತ್ರ ಅದಲು-ಬದಲು ಮಾಡಿ. ಅವಳು ಕ್ಯಾಟ್ ನೋಯರ್, ಅವನು ಲೇಡಿಬಗ್. ಕಾರ್ಟೂನಿನಲ್ಲಿಯೂ ಒಮ್ಮೊಮ್ಮೆ ಇವರಿಬ್ಬರು ಒಡವೆ ಬದಲಾಯಿಸಿಕೊಂಡಿದ್ದಾರೆ, ಹಾಗಾಗಿ ಅವರು ತಕರಾರು ಮಾಡಲಾರರು. ಉಂಗುರಕ್ಕೆ ನಿಮ್ಮ ಹಳೆಯದೊಂದು ಕೊಡಿ, ದಾರ ಸುತ್ತಿದರೆ ಅವಳ ಬೆರಳಿಗೆ ನಿಲ್ಲುತ್ತದೆ. ಓಲೆಗೆ ಹುಡುಗನ ಎರಡೂ ಕಿವಿಗೆ ಒಂದೊಂದು ಕೆಂಪು ಟಿಕಳಿ ಅಂಟಿಸಿ, ಸಾಕು.